ವಾರ್ನರ್ ಬ್ರದರ್ಸ್ ಸ್ಟುಡಿಯೋ ಟೂರ್: ಸಿನಿಮಾ ಹುಚ್ಚಿದ್ದರೆ ಬಿಡಬೇಡಿ

ಲಾಸ್ ಏಂಜಲೀಸ್ ಕಡೆ ಹೋಗುವವರು ಬರ್ಬ್ಯಾಂಕ್‌ನ ಈ ಟೂರ್‌ಗೆ ಅರ್ಧ ದಿನ ಎತ್ತಿಡಿ. ಇದು ಥೀಮ್ ಪಾರ್ಕ್ ಅಲ್ಲ, ಇವತ್ತಿಗೂ ಶೂಟಿಂಗ್ ನಡೆಯುವ ಜಾಗ. ನಾಲ್ವರು ಅಣ್ಣತಮ್ಮಂದಿರು 1923ರಲ್ಲಿ ಕಟ್ಟಿದ ಕಂಪನಿ ಇದು, 1927ರಲ್ಲಿ 'ದಿ ಜಾಝ್ ಸಿಂಗರ್' ತಂದು ಮಾತಿನ ಸಿನಿಮಾಗೆ ದಾರಿ ಮಾಡಿಕೊಟ್ಟವರೂ ಇವರೇ. ಆಮೇಲೆ ಗ್ಯಾಂಗ್‌ಸ್ಟರ್ ಚಿತ್ರಗಳು, 'ಕಾಸಾಬ್ಲಾಂಕಾ', ಬಗ್ಸ್ ಬನ್ನಿ, ಬ್ಯಾಟ್‌ಮನ್, ಎಷ್ಟೊಂದು!

ನನಗೆ ತುಂಬಾ ಹಿಡಿಸಿದ್ದು ಹೊರಾಂಗಣದ ಸೆಟ್ ಬೀದಿಗಳು. ಎದುರಿಂದ ನೋಡಿದರೆ ಪಕ್ಕಾ ಮನೆ, ಮೆಟ್ಟಿಲು, ಕಿಟಕಿಗೆ ಪರದೆ ಎಲ್ಲಾ ಇರುತ್ತೆ, ಹಿಂದೆ ಹೋಗಿ ನೋಡಿದರೆ ಬರೀ ಮರದ ಆಸರೆ. ಅಂಗಡಿ ಬೋರ್ಡು ಬದಲಾಯಿಸಿ, ಬಣ್ಣ ಬಳಿದರೆ ಅದೇ ಬೀದಿ ಇನ್ನೊಂದು ಊರು. 'ಫ್ರೆಂಡ್ಸ್' ಟಿವಿ ಧಾರಾವಾಹಿಯ ಸೋಫಾ ಮೇಲೆ ಕೂತು ಫೋಟೋ ತೆಗೆಸಿಕೊಳ್ಳಬಹುದು, ಜನರಿಗೆ ಅದೇ ಜಾಸ್ತಿ ಇಷ್ಟ. ನಾನಂತೂ 16ನೇ ನಂಬರಿನ ಸ್ಟೇಜ್ (ಒಳಾಂಗಣ ಶೂಟಿಂಗ್‌ನ ದೊಡ್ಡ ಕಟ್ಟಡ) ಬಗ್ಗೆ ಗೈಡ್‌ನ ಕೇಳಿ ಅನ್ನುತ್ತೇನೆ. ಅದರ ಎತ್ತರ, ನೆಲದಡಿಯ ನೀರಿನ ತೊಟ್ಟಿಯ ಕಥೆ ಕೇಳಲೇಬೇಕು. ಶೂಟಿಂಗ್ ಇದ್ದರೆ ಕೆಲವು ಸ್ಟೇಜ್ ಒಳಗೆ ಬಿಡಲ್ಲ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿ.