ಐಸಿಡಿ-10-ಸಿಎಂನ ಕ್ಯೂ51 ಮತ್ತು ಕ್ಯೂ52: ಕೋಡರ್ ಒಬ್ಬರ ವಿಮರ್ಶೆ

ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗಳಿಗೆ, ಅಂದರೆ ರೋಗಿಗಳ ದಾಖಲೆಗಳಿಗೆ, ಕೋಡ್ ಹಾಕುವವರು ದಿನವೂ ಬಳಸುವ ಐಸಿಡಿ-10-ಸಿಎಂ ಎಂಬ ರೋಗಗಳ ಕೋಡ್‌ಪಟ್ಟಿಯಲ್ಲಿ ಹೆಣ್ಣಿನ ಜನನಾಂಗಗಳ ಜನ್ಮಜಾತ ದೋಷಗಳಿಗೆ ಸಿಕ್ಕಿರುವ ಜಾಗ ಬಹಳ ಕಡಿಮೆ. ಅಂಡಾಶಯ ಮತ್ತು ಅಂಡನಾಳಗಳಿಗೆ ಕ್ಯೂ50, ಗರ್ಭಕೋಶ ಮತ್ತು ಗರ್ಭಕಂಠಕ್ಕೆ ಕ್ಯೂ51, ಯೋನಿ ಮತ್ತು ಉಳಿದ ಅಂಗಗಳಿಗೆ ಕ್ಯೂ52. ಇವುಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವ ಕೊನೆಯ ಎರಡನ್ನು ಮಾತ್ರ ಇಲ್ಲಿ ವಿಮರ್ಶಿಸುತ್ತಿದ್ದೇನೆ. ಒಟ್ಟಾರೆ ನನ್ನ ಅಭಿಪ್ರಾಯವೆಂದರೆ, ಈ ಭಾಗ ಕೆಲವೆಡೆ ವೈದ್ಯರು ಬರೆಯದ ವಿವರವನ್ನು ಕೇಳುತ್ತದೆ, ಇನ್ನು ಕೆಲವೆಡೆ ವೈದ್ಯರು ಮುತುವರ್ಜಿಯಿಂದ ಬರೆದ ವಿವರವನ್ನು ಇಟ್ಟುಕೊಳ್ಳಲು ಜಾಗವನ್ನೇ ಕೊಡುವುದಿಲ್ಲ.

ಮೊದಲು ಮೆಚ್ಚಬೇಕಾದದ್ದನ್ನು ಹೇಳುತ್ತೇನೆ. ಗರ್ಭಕೋಶದೊಳಗೆ ಅಡ್ಡಗೋಡೆ (ಸೆಪ್ಟಮ್) ಉಳಿದುಕೊಳ್ಳುವ ಸೆಪ್ಟೇಟ್ ಗರ್ಭಕೋಶಕ್ಕೆ ಹಿಂದೆ ಕ್ಯೂ51.2 ಎಂಬ ಒಂದೇ ಕೋಡ್ ಇತ್ತು. 2018ರ ಅಕ್ಟೋಬರ್ 1ರಿಂದ ಪೂರ್ಣ ಸೆಪ್ಟಮ್‌ಗೆ ಕ್ಯೂ51.21, ಭಾಗಶಃ ಸೆಪ್ಟಮ್‌ಗೆ ಕ್ಯೂ51.22 ಎಂದು ಬೇರ್ಪಟ್ಟಿತು. ಯಾವುದೆಂದು ಚಾರ್ಟ್‌ನಲ್ಲಿ ಬರೆಯದಿದ್ದರೆ ಕ್ಯೂ51.20. ಶಸ್ತ್ರಚಿಕಿತ್ಸೆಯ ಯೋಜನೆಗೂ ಈ ವ್ಯತ್ಯಾಸ ಮುಖ್ಯವಾದ್ದರಿಂದ ಇದು ಸಾರ್ಥಕವಾದ ಬದಲಾವಣೆ. ಆದರೆ ಇದೇ ಔದಾರ್ಯ ಪಕ್ಕದ ಕೋಡ್‌ಗಳಿಗೆ ದೊರೆತಿಲ್ಲ. ಎರಡು ಕೊಂಬುಗಳಂತೆ ಕವಲೊಡೆದ ಬೈಕಾರ್ನುಯೇಟ್ ಗರ್ಭಕೋಶ ಪೂರ್ಣವಾಗಿರಲಿ, ಭಾಗಶಃ ಇರಲಿ, ಕೋಡ್ ಕ್ಯೂ51.3 ಒಂದೇ. ಒಂದೇ ಕೊಂಬಿನ ಯೂನಿಕಾರ್ನುಯೇಟ್ ಗರ್ಭಕೋಶಕ್ಕಿರುವ ಕ್ಯೂ51.4 ಅಂತೂ ಇನ್ನೊಂದು ಕೊಂಬು ಇದ್ದರೂ ಇಲ್ಲದಿದ್ದರೂ ಅದೇ ಎಂದು ನೇರವಾಗಿಯೇ ಹೇಳುತ್ತದೆ. ಆ ಅರೆಬೆಳೆದ ಕೊಂಬಿನಲ್ಲಿ ಒಳಪದರವಿದ್ದು, ಹೊರದಾರಿ ಇಲ್ಲದಿದ್ದರೆ ಮುಟ್ಟಿನ ರಕ್ತ ಅಲ್ಲೇ ಕಟ್ಟಿಕೊಂಡು ತೀವ್ರ ನೋವು ಬರುತ್ತದೆ, ಅಲ್ಲಿ ಗರ್ಭ ನಿಂತರೆ ಕೊಂಬು ಒಡೆಯುವ ಅಪಾಯವೂ ಇದೆ. ಚಿಕಿತ್ಸೆಯನ್ನೇ ಬದಲಿಸುವ ಈ ಸಂಗತಿ ಕೋಡ್‌ನಲ್ಲಿ ಎಲ್ಲಿಯೂ ಕಾಣುವುದಿಲ್ಲ.

ನನಗೆ ಅತಿ ಹೆಚ್ಚು ಬೇಸರ ತರಿಸುವುದು ಎಡ-ಬಲದ ವಿಷಯ. ಎಂಆರ್‌ಐ ವರದಿಯಲ್ಲಿ ಹೀಗಿದೆ ಎಂದುಕೊಳ್ಳಿ: ಎರಡು ಗರ್ಭಕೋಶ, ಎರಡು ಗರ್ಭಕಂಠ, ಇಬ್ಭಾಗವಾದ ಯೋನಿಯ ಬಲಭಾಗ ಮುಚ್ಚಿಕೊಂಡು ರಕ್ತ ತುಂಬಿದೆ, ಬಲ ಮೂತ್ರಪಿಂಡವಿಲ್ಲ. ಓಹ್ವೈರಾ ಎಂದು ಕರೆಯುವ ಈ ಸ್ಥಿತಿಗೆ ಕ್ಯೂ51.11, ಅಂದರೆ ಅಡಚಣೆಸಹಿತ ಜೋಡಿ ಗರ್ಭಕೋಶ, ಸರಿಯಾದ ಕೋಡ್. ಯೋನಿಯ ಉದ್ದಕ್ಕೂ ಇರುವ ಸೆಪ್ಟಮ್ ಬಲಭಾಗವನ್ನು ಮುಚ್ಚಿದೆ ಎನ್ನಲು ಕ್ಯೂ52.121, ಎಡಕ್ಕೆ ಕ್ಯೂ52.122 ಎಂಬ ಸೊಗಸಾದ ಕೋಡ್‌ಗಳೂ ಇವೆ. ಆದರೆ ಕ್ಯೂ52.1ರ ಕೆಳಗಿನ ಎಕ್ಸ್‌ಕ್ಲೂಡ್ಸ್1 ಸೂಚನೆ, ಗರ್ಭಕೋಶ ಮತ್ತು ಗರ್ಭಕಂಠವೂ ಜೋಡಿಯಾಗಿದ್ದರೆ ಕ್ಯೂ51.1ಕ್ಕೆ ಹೋಗಿ ಎಂದು ಕೈತೋರಿಸುತ್ತದೆ, ಎರಡನ್ನೂ ಒಟ್ಟಿಗೆ ಹಾಕಲು ಬಿಡುವುದಿಲ್ಲ. ಒಂದು ಮೂತ್ರಪಿಂಡ ಹುಟ್ಟಿನಿಂದಲೇ ಇಲ್ಲ ಎನ್ನುವ ಕ್ಯೂ60.0ರಲ್ಲಿಯೂ ಎಡ-ಬಲವಿಲ್ಲ. ಹಾಗಾಗಿ ರೇಡಿಯಾಲಜಿಸ್ಟ್ ಎರಡು ಬಾರಿ ಬರೆದ ಬಲಭಾಗ ವಿಮೆಯ ಕ್ಲೇಮ್ ತಲುಪುವಷ್ಟರಲ್ಲಿ ಒಮ್ಮೆಯೂ ಉಳಿದಿರುವುದಿಲ್ಲ.

ರೋಗದ ಹೆಸರಿನಿಂದ ಕೋಡ್ ಹುಡುಕುವ ಇಂಡೆಕ್ಸ್‌ನಲ್ಲಿ ಒಂದು ಹೊಂಡವೂ ಇದೆ. ಗರ್ಭಕೋಶವಿಲ್ಲ ಎಂದಷ್ಟೇ ಚಾರ್ಟ್‌ನಲ್ಲಿದ್ದು ಅದನ್ನೇ ಹುಡುಕಿದರೆ ಮೊದಲು ಸಿಗುವುದು ಝಡ್90.710, ಅಂದರೆ ಶಸ್ತ್ರಚಿಕಿತ್ಸೆಯಂತಹ ಕಾರಣದಿಂದ ಹೋದದ್ದು. ಹುಟ್ಟಿನಿಂದ ಇಲ್ಲದಿರುವುದಕ್ಕೆ ಅದರ ಕೆಳಗಿನ ಉಪಸಾಲಿನಲ್ಲಿ ಕ್ಯೂ51.0 ಇದೆ. ಕೋಡ್ ಹುಡುಕಲು ನಾವು ಬಳಸುವ ಎನ್‌ಕೋಡರ್ ಎಂಬ ಸಾಫ್ಟ್‌ವೇರ್ ಕೂಡ ಈ ಕ್ರಮವನ್ನೇ ಪಾಲಿಸಿ, ಎಂಆರ್‌ಕೆಎಚ್ (ಗರ್ಭಕೋಶ ಮತ್ತು ಯೋನಿ ಹುಟ್ಟಿನಿಂದಲೇ ಸರಿಯಾಗಿ ಬೆಳೆಯದ ಸ್ಥಿತಿ) ಇರುವ ಹದಿಹರೆಯದ ಹುಡುಗಿಗೆ ಗರ್ಭಕೋಶ ತೆಗೆಸಿದ ಇತಿಹಾಸವನ್ನು ಹೊರಿಸಲು ಹೊರಟಿದ್ದನ್ನು ನೋಡಿದ್ದೇನೆ. ಸುಮಾರು 4,500ರಿಂದ 5,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಕಾಣುವ ಆ ಸ್ಥಿತಿಯಲ್ಲಿ ಅಂಡಾಶಯಗಳು ಸಾಮಾನ್ಯವಾಗಿ ಕೆಲಸ ಮಾಡುತ್ತವೆ, ಕ್ರೋಮೋಸೋಮ್ ಹೆಣ್ಣಿನಲ್ಲಿ ಸಹಜವಾದ 46,ಎಕ್ಸ್‌ಎಕ್ಸ್ ಇರುತ್ತದೆ. ಜನ್ಮಜಾತ ಎಂಬ ಒಂದೇ ಪದವನ್ನು ವೈದ್ಯರು ಸೇರಿಸಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ದಾಖಲೆ ಬರೆಯುವವರ ಕಡೆಯ ತೊಂದರೆ ಇನ್ನೊಂದಿದೆ. ಹೊರರೋಗಿ ವಿಭಾಗದ ಅಲ್ಟ್ರಾಸೌಂಡ್‌ನಲ್ಲಿ ಸೆಪ್ಟೇಟ್ ಅಥವಾ ಬೈಕಾರ್ನುಯೇಟ್ ಇರಬಹುದು ಎಂದು ಬರೆದು ಬಿಟ್ಟರೆ, ಅನುಮಾನದ ರೋಗನಿರ್ಣಯಕ್ಕೆ ಅಲ್ಲಿ ಕೋಡ್ ಹಾಕುವಂತಿಲ್ಲ, ರೋಗಿ ಬಂದ ಲಕ್ಷಣಕ್ಕೇ ಹಾಕಬೇಕು. ಇವೆರಡನ್ನೂ ಬೇರ್ಪಡಿಸುವುದು ಗರ್ಭಕೋಶದ ಮೇಲ್ತುದಿಯ ಹೊರ ಆಕಾರ, ಅದು ಎಂಆರ್‌ಐ ಅಥವಾ 3ಡಿ ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಮೇಲ್ತುದಿ ಒಳಗಡೆ ಸ್ವಲ್ಪವೇ ತಗ್ಗಿರುವ ಆರ್ಕ್ಯುಯೇಟ್ ಗರ್ಭಕೋಶಕ್ಕೆ ಕ್ಯೂ51.810 ಎಂಬ ಸ್ವಂತ ಕೋಡ್ ಇದೆ, ಆದರೆ 2013ರ ಯುರೋಪಿಯನ್ ವರ್ಗೀಕರಣ ಅದನ್ನು ಪ್ರತ್ಯೇಕ ವರ್ಗವಾಗಿ ಉಳಿಸಿಕೊಳ್ಳಲಿಲ್ಲ. ಅದರ ಲೆಕ್ಕದಲ್ಲಿ ಒಳತಗ್ಗು ಗೋಡೆಯ ದಪ್ಪದ ಅರ್ಧಕ್ಕಿಂತ ಹೆಚ್ಚಿದ್ದರೆ ಅದು ಸೆಪ್ಟೇಟ್. ವರದಿಯ ಅಳತೆ ನೋಡಿ ಕೋಡರ್ ತಾನೇ ತೀರ್ಮಾನಿಸುವುದು ಸಲ್ಲದು, ವೈದ್ಯರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಪ್ರಶ್ನೆ, ಕಳುಹಿಸಬೇಕು.

ಗರ್ಭಿಣಿಯರ ಚಾರ್ಟ್‌ನಲ್ಲಿ ವ್ಯವಸ್ಥೆ ಅಚ್ಚುಕಟ್ಟಾಗಿದೆ. ತ್ರೈಮಾಸಿಕಕ್ಕೆ ತಕ್ಕಂತೆ ಓ34.01ರಿಂದ ಓ34.03ರವರೆಗಿನ ಕೋಡ್ ಮೊದಲು, ನಿರ್ದಿಷ್ಟ ದೋಷದ ಕ್ಯೂ51 ಅದರ ನಂತರ. ಶಸ್ತ್ರಚಿಕಿತ್ಸೆಯಿಂದ ದೋಷ ಪೂರ್ತಿ ಸರಿಹೋಗಿದ್ದರೆ ಕ್ಯೂ ಕೋಡ್ ಬಿಟ್ಟು ಝಡ್87.718 ಬಳಸಬೇಕು. ಭಾಗಶಃ ಮಾತ್ರ ಸರಿಹೋಗಿದ್ದರೆ ಯಾವ ವಯಸ್ಸಿನಲ್ಲಾದರೂ ಕ್ಯೂ ಕೋಡ್ ಮುಂದುವರಿಯುತ್ತದೆ.

ಇಡೀ ಕೋಡ್‌ಸೆಟ್ ಉಚಿತವಾಗಿ ಸಿಗುತ್ತದೆ. ಆದರೆ ಇಂಡೆಕ್ಸ್ ಮತ್ತು ಕೋಡ್‌ಗಳ ಕ್ರಮದಲ್ಲಿರುವ ಟ್ಯಾಬ್ಯುಲರ್ ಲಿಸ್ಟ್ ಬೇರೆ ಬೇರೆ ಫೈಲ್‌ಗಳಲ್ಲಿರುವುದರಿಂದ, ಎಕ್ಸ್‌ಕ್ಲೂಡ್ಸ್ ಸೂಚನೆಗಳಿರುವ ಎರಡನೆಯದನ್ನು ತೆರೆಯದೆ ಕ್ಯೂ52ರ ಯಾವ ಕೋಡನ್ನೂ ಅಂತಿಮಗೊಳಿಸಬೇಡಿ.