ಕೆಜಿಎಫ್‌ನ ಹಳೇ ಬಂಗಲೆ ಹೋಂಸ್ಟೇ: ಯಾವ ಕೋಣೆ ಕೇಳಬೇಕು?

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಪಾಳುಬಿದ್ದಿದ್ದ ವಿಕ್ಟೋರಿಯಾ ಕಾಲದ ಬಂಗಲೆಗೆ ಮತ್ತೆ ಜೀವ ಬಂದಿದೆ. ಮುಂದಿನ ಕೋಣೆಗಳ ಕೆಲಸ ಅಚ್ಚುಕಟ್ಟು. ಹಳೇ ಗಾರೆಯ ಮೇಲೆ ಸುಣ್ಣವನ್ನೇ ಬಳಿದಿದ್ದಾರೆ, ಗೋಡೆ ಒಣಗಿದೆ, ಕೈಗೆ ತಣ್ಣಗಿದೆ. ಹಿಂದಿನ ಕೋಣೆಗೆ ಸಿಮೆಂಟ್ ಮೆತ್ತಿ ಪ್ಲಾಸ್ಟಿಕ್ ಪೇಂಟ್ ಹೊಡೆದದ್ದು ತಪ್ಪು. ತೇವ ಹೊರಬರಲು ದಾರಿಯಿಲ್ಲದೆ, ನೆಲದಿಂದ ಮೂರಡಿವರೆಗೆ ಪೇಂಟ್ ಹಪ್ಪಳದಂತೆ ಎದ್ದಿದೆ. ಮುಟ್ಟಿದರೆ ಬಿಳಿ ಉಪ್ಪು ಉದುರುತ್ತದೆ. ಮಳೆಗಾಲದಲ್ಲಿ ಅದು ಬೇಡವೇ ಬೇಡ, ವೆರಾಂಡಾ ಕಡೆಯದನ್ನೇ ಕೇಳಿ.

ಗೀಸರ್ 15 ಲೀಟರಿನದು. ಒಬ್ಬರ ಸ್ನಾನವಾದ ಮೇಲೆ ಇಪ್ಪತ್ತು ನಿಮಿಷ ಬಿಡಬೇಕು. ಚಾವಣಿ ಎತ್ತರವಿರುವುದರಿಂದ ಡಿಸೆಂಬರ್‌ನಲ್ಲಿ ಇನ್ನೊಂದು ಕಂಬಳಿ ಮೊದಲೇ ಹೇಳಿಡಿ.

ತಿಂಡಿಗೆ ಬ್ರೆಡ್ಡು, ಆಮ್ಲೆಟ್ಟು ಇದೆ. ಆದರೆ ಹಿಂದಿನ ರಾತ್ರಿಯೇ ಹೇಳಿದರೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿಕೊಡುತ್ತಾರೆ. ಅದನ್ನೇ ಹೇಳಿ.