ರೈತ ಕ್ಷೇತ್ರ ಪಾಠಶಾಲೆ ರಿವ್ಯೂ: ಸಣ್ಣ ಹಿಡುವಳಿದಾರರು ಸೇರಬೇಕಾ?

ರೈತ ಕ್ಷೇತ್ರ ಪಾಠಶಾಲೆಗೆ ಸೇರಬೇಕಾ ಬೇಡ್ವಾ ಅಂತ ಯೋಚನೆ ಮಾಡ್ತಿರೋ ಸಣ್ಣ ರೈತರಿಗೋಸ್ಕರ ಇದನ್ನ ಬರೀತಿದೀನಿ. ಭತ್ತದ ಮೇಲೆ ನಡೆದ ಒಂದು ಪಾಠಶಾಲೆಗೆ ಸಸಿಮಡಿಯಿಂದ ಕೊಯ್ಲಿನ ತನಕ ಹೋಗಿದೀನಿ, ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಸೇರಿ. 5ಕ್ಕೆ 4 ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅನ್ನೋದು ಕೆಳಗಿದೆ, ಅದನ್ನೂ ಓದಿ, ಕೆಲವರಿಗೆ ಅದೇ ಮುಖ್ಯ ಆಗುತ್ತೆ.

ಹೆಸರಲ್ಲಿ ಪಾಠಶಾಲೆ ಇದ್ರೂ ರೂಮು, ಬೋರ್ಡು, ಭಾಷಣ ಏನೂ ಇರಲ್ಲ. ವಾರಕ್ಕೊಂದು ದಿನ ಬೆಳಿಗ್ಗೆ 25-30 ಜನ ಗದ್ದೆ ಹತ್ರ ಸೇರೋದು, ಐದೈದು ಜನ ಗುಂಪಾಗಿ ಗದ್ದೆಗೆ ಇಳಿಯೋದು, ಅಲ್ಲೊಂದು ಇಲ್ಲೊಂದು ಅಂತ ಹತ್ತು ಬುಡ ಆರಿಸ್ಕೊಂಡು ತೆಂಡೆ (ಬುಡದಿಂದ ಬರೋ ಮರಿ ಕವಲು) ಎಷ್ಟು ಒಡೆದಿದೆ, ಎಲೆ ಬಣ್ಣ ಹೇಗಿದೆ, ನೀರೆಷ್ಟಿದೆ, ಬುಡದಲ್ಲಿ ಯಾವ್ಯಾವ ಹುಳ ಕೂತಿದೆ ಅಂತ ಎಣಿಸಿ ಬರ್ಕೊಳ್ಳೋದು. ಆಮೇಲೆ ಮೇಲೆ ಬಂದು ದೊಡ್ಡ ಹಾಳೆ ಹಾಸ್ಕೊಂಡು ಮಧ್ಯಕ್ಕೆ ಒಂದು ಪೈರಿನ ಚಿತ್ರ, ಒಂದು ಕಡೆ ಬೆಳೆ ತಿನ್ನೋ ಹುಳಗಳು, ಇನ್ನೊಂದು ಕಡೆ ಆ ಹುಳಗಳನ್ನ ತಿನ್ನೋ ಹುಳಗಳು, ಎಣಿಕೆ ಸಮೇತ. ಓದು ಬರಹ ಬರದೇ ಇದ್ರೂ ಪರವಾಗಿಲ್ಲ, ಚಿತ್ರ ಬರೆದ್ರೆ ಸಾಕು, ನಮ್ಮ ಗುಂಪಲ್ಲಿ ಎಲ್ಲರಿಗಿಂತ ಚೆನ್ನಾಗಿ ಹುಳ ಗುರುತಿಸ್ತಿದ್ದ ಅಮ್ಮನಿಗೆ ಅಕ್ಷರವೇ ಬರ್ತಿರಲಿಲ್ಲ. ಅದಾದ್ಮೇಲೆ ಪ್ರತಿ ಗುಂಪೂ ಎಲ್ಲರ ಮುಂದೆ ನಿಂತು ಈ ವಾರ ಗದ್ದೆಗೆ ಏನು ಮಾಡ್ಬೇಕು, ಯಾಕೆ ಮಾಡ್ಬೇಕು ಅಂತ ಹೇಳ್ಬೇಕು. ಅಲ್ಲಿ ಜಗಳದ ಮಟ್ಟಕ್ಕೆ ವಾದ ಆಗುತ್ತೆ, ನನಗೆ ಅತಿ ಹೆಚ್ಚು ಕಲಿಸಿದ್ದು ಆ ವಾದಗಳೇ.

ಪಕ್ಕಪಕ್ಕದಲ್ಲಿ ಎರಡು ತಾಕು ಇರುತ್ತೆ. ಒಂದರಲ್ಲಿ ಎಲ್ಲರೂ ಮಾಮೂಲಾಗಿ ಮಾಡೋ ಹಾಗೆ ಔಷಧಿ ಗೊಬ್ಬರ, ಇನ್ನೊಂದರಲ್ಲಿ ವಾರವಾರ ನೋಡಿ ಅಗತ್ಯ ಇದ್ರೆ ಮಾತ್ರ. ಎರಡಕ್ಕೂ ಖರ್ಚಿನ ಲೆಕ್ಕ ಬೇರೆ ಬೇರೆ ಇಡ್ತಾರೆ.

ಕಲಿಸೋರ ರೀತಿ ಮೊದಮೊದಲು ಸ್ವಲ್ಪ ಕಿರಿಕಿರಿ ಅನ್ಸುತ್ತೆ. ಒಂದು ಹುಳ ಹಿಡ್ಕೊಂಡು ಹೋಗಿ "ಮೇಡಂ, ಇದ್ಯಾವ ಹುಳ?" ಅಂದ್ರೆ ಹೆಸರು ಹೇಳಲ್ಲ, "ಎಲ್ಲಿ ಸಿಕ್ತಣ್ಣ? ಎಲೆ ಮೇಲಾ ಬುಡದಲ್ಲಾ? ಏನ್ ಮಾಡ್ತಾ ಇತ್ತು?" ಅಂತ ವಾಪಸ್ ಕೇಳ್ತಾರೆ. ಇದು ಪಾಠಶಾಲೆಯ ನಿಯಮವೇ ಅಂತೆ. ಗೊತ್ತಾಗ್ಲಿಲ್ಲ ಅಂದ್ರೆ ಇನ್ಸೆಕ್ಟ್ ಝೂಗೆ ಹಾಕಿ ನೋಡಿ ಅಂತಾರೆ, ಅಂದ್ರೆ ಕುಂಡದಲ್ಲಿ ಒಂದು ಭತ್ತದ ಬುಡ ನೆಟ್ಟು ಸುತ್ತ ಸೊಳ್ಳೆಪರದೆ ಬಟ್ಟೆ ಕಟ್ಟಿರ್ತಾರೆ. ನಾವು ಅದರೊಳಗೆ ಭತ್ತದ ರಸ ಹೀರೋ ಕಂದು ಜಿಗಿಹುಳುಗಳನ್ನ ಎಣಿಸಿ ಬಿಟ್ಟು, ಗದ್ದೇಲಿ ಓಡಾಡ್ತಿದ್ದ ಒಂದು ತೋಳ ಜೇಡ (ವುಲ್ಫ್ ಸ್ಪೈಡರ್) ಬಿಟ್ವಿ. ಮಾರನೇ ದಿನ ನೋಡಿದ್ರೆ ಜಿಗಿಹುಳು ಎದ್ದು ಕಾಣೋ ಹಾಗೆ ಕಮ್ಮಿ ಆಗಿದ್ವು, ಕುಂಡದ ಮಣ್ಣಿನ ಮೇಲೆ ಒಣಗಿದ ಸಿಪ್ಪೆ ಬಿದ್ದಿತ್ತು. ಈ ಜಾತಿ ಜೇಡ ದಿನಕ್ಕೆ 5ರಿಂದ 15 ಹುಳ ತಿನ್ನುತ್ತೆ ಅಂತ ಭತ್ತದ ಸಂಶೋಧಕರು ಬರೆದಿದ್ದಾರೆ, ಆದ್ರೆ ಓದಿ ತಿಳ್ಕೊಳ್ಳೋದಕ್ಕೂ ಕಣ್ಣಾರೆ ನೋಡೋದಕ್ಕೂ ತುಂಬಾ ವ್ಯತ್ಯಾಸ ಇದೆ. ನೋಡಿದ ಮೇಲೆ ಜೇಡ ಇರೋ ಗದ್ದೆಗೆ ಔಷಧಿ ಹೊಡಿಯೋಕೆ ಕೈ ಬರಲ್ಲ.

ಇನ್ನೊಂದು ಪ್ರಯೋಗ ಎಲೆ ಕತ್ತರಿಸೋದು. ನಾಟಿ ಆಗಿ ಕೆಲವೇ ವಾರ ಆದ ಪೈರಿನ ಎಲೇನ ಕತ್ತರೀಲಿ ಒಂದು ಕಡೆ ಕಾಲು ಭಾಗ, ಒಂದು ಕಡೆ ಅರ್ಧ ಕತ್ತರಿಸಿ ಕಡ್ಡಿ ನೆಟ್ಟು ಬಿಟ್ಬಿಡ್ತಾರೆ, ಹುಳ ತಿಂದಷ್ಟೇ ನಷ್ಟ ಕೈಯಾರೆ ಮಾಡಿದ ಹಾಗೆ. ವಾರಗಳು ಕಳೀತಾ ಹೊಸ ಎಲೆ ಹೊಸ ತೆಂಡೆ ಬಂದು ಕಾಲು ಭಾಗ ಕತ್ತರಿಸಿದ್ದು ಯಾವುದು ಅಂತ ಕಡ್ಡಿ ನೋಡಿಯೇ ಹೇಳೋ ಹಾಗಾಯ್ತು. ಎಳೇ ಪೈರಲ್ಲಿ ಎಲೆ ಸ್ವಲ್ಪ ತೂತಾಗಿದ್ದು ಕಂಡ ಕೂಡ್ಲೇ ಅಂಗಡಿಗೆ ಓಡೋ ಅಭ್ಯಾಸ ಇದೆಯಲ್ಲ, ಅದನ್ನ ಬಿಡಿಸೋಕೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ಇದೆಲ್ಲ ಯಾರೋ ಆಫೀಸಲ್ಲಿ ಕೂತು ಯೋಚಿಸಿದ್ದಲ್ಲ, ಹಿಂದೆ ದೊಡ್ಡ ಕಥೆ ಇದೆ. ಇಂಡೋನೇಷ್ಯಾದಲ್ಲಿ ಸರ್ಕಾರವೇ ಸಬ್ಸಿಡಿ ಕೊಟ್ಟು ಕೀಟನಾಶಕ ಹಂಚ್ತಿತ್ತು, ಹೊಡೆದಷ್ಟೂ ಕಂದು ಜಿಗಿಹುಳು ಜಾಸ್ತಿ ಆಗ್ತಾ ಹೋಯ್ತು. ಯಾಕಂದ್ರೆ ಅದು ಮೊಟ್ಟೆ ಇಡೋದು ಕಾಂಡವನ್ನ ಸುತ್ತಿಕೊಂಡಿರೋ ಎಲೆ ಪೊರೆಯ ಒಳಗೆ, ಔಷಧಿ ಅಲ್ಲಿಗೆ ಸರಿಯಾಗಿ ಮುಟ್ಟಲ್ಲ, ಹೊರಗಿರೋ ಜೇಡ, ತಿಗಣೆ ಜಾತಿಯ ಮಿತ್ರಕೀಟ ಎಲ್ಲ ಸಾಯ್ತವೆ, ಮೊಟ್ಟೆ ಒಡೆದು ಮರಿ ಬಂದಾಗ ತಿನ್ನೋರೇ ಇರಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ)ಯ ಕೀಟತಜ್ಞ ಪೀಟರ್ ಕೆನ್ಮೋರ್ ಮತ್ತೆ ಜೊತೆಗಿದ್ದೋರು ಇದನ್ನ ಅಧಿಕಾರದಲ್ಲಿದ್ದೋರಿಗೆ ತೋರಿಸಿಕೊಟ್ಟಿದ್ರಿಂದ 1986ರಲ್ಲಿ ಅಲ್ಲಿನ ಅಧ್ಯಕ್ಷರು ಭತ್ತಕ್ಕೆ 57 ಕೀಟನಾಶಕಗಳನ್ನ ಬ್ಯಾನ್ ಮಾಡಿದ್ರು, ಆಮೇಲೆ ಸಬ್ಸಿಡೀನೂ ನಿಂತಿತು, 1989ರಲ್ಲಿ ಮೊದಲ ಕ್ಷೇತ್ರ ಪಾಠಶಾಲೆಗಳು ಶುರುವಾದ್ವು. ಈಗ 90ಕ್ಕೂ ಹೆಚ್ಚು ದೇಶಗಳಲ್ಲಿ ನಡೀತಿದೆ, ಭತ್ತ ಬಿಟ್ಟು ಹತ್ತಿ, ತರಕಾರಿ, ಜೋಳ, ದನ ಕುರಿ ಸಾಕಣೆಗೂ ಇದೆ. ಮೊಜಾಂಬಿಕ್‌ನಲ್ಲಿ ಏಡ್ಸ್‌ನಿಂದ ಅಪ್ಪ ಅಮ್ಮನ್ನ ಕಳ್ಕೊಂಡ ಮಕ್ಕಳಿಗೆ ಅಂತಲೇ ಇದೇ ಮಾದರಿಯ ಕಿರಿಯರ ಪಾಠಶಾಲೆ ಶುರು ಮಾಡಿದ್ರು, ಬೇಸಾಯ ಹೇಳಿಕೊಡಬೇಕಾದ ತಲೆಮಾರೇ ಹೋಗ್ಬಿಟ್ಟಿತ್ತಲ್ಲ ಅಲ್ಲಿ.

ಈಗ ದುಡ್ಡಿನ ವಿಷಯ, ಎಲ್ಲರೂ ಕೇಳೋದು ಅದೇ. ಇಳುವರಿ ಡಬಲ್ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಪ್ರಪಂಚದ ಬೇರೆ ಬೇರೆ ಕಡೆ ಆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಒಂದು ದೊಡ್ಡ ಪರಿಶೀಲನೆ 2014ರಲ್ಲಿ ಬಂತು, ಅದರ ಪ್ರಕಾರ ಸೇರಿದೋರ ಇಳುವರಿ ಸರಾಸರಿ ಸುಮಾರು 13%, ನಿವ್ವಳ ಆದಾಯ ಸುಮಾರು 19% ಹೆಚ್ಚಾಗಿದೆ. ಕೀನ್ಯಾ, ಟಾಂಜಾನಿಯಾ, ಉಗಾಂಡಾದಲ್ಲಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ ಹೆಂಗಸರಿಗೆ, ಓದು ಕಮ್ಮಿ ಇರೋರಿಗೆ ಚೆನ್ನಾಗಿ ಉಪಯೋಗ ಆಗಿರೋದು ಕಂಡಿದೆ. ನೋಡಿ, ಇಳುವರಿಗಿಂತ ಆದಾಯ ಜಾಸ್ತಿ ಏರಿದೆ. ನನ್ನ ಪ್ರಕಾರ ಬಡತನದಿಂದ ಹೊರಗೆ ಬರೋ ದಾರಿ ಇರೋದು ಅಲ್ಲೇ, ಯಾಕಂದ್ರೆ ಸಣ್ಣ ಹಿಡುವಳಿದಾರರನ್ನ ಮುಳುಗಿಸೋದು ಬೆಳೆ ಬರದೇ ಇರೋದೊಂದೇ ಅಲ್ಲ, ಬೆಳೆ ಬಂದ್ರೂ ಕೊಯ್ಲಿನ ದುಡ್ಡು ಮನೆ ಬಾಗಿಲಿಗೆ ಬರೋ ಮುಂಚೆ ಔಷಧಿ ಗೊಬ್ಬರದ ಉದ್ರಿ ಲೆಕ್ಕಕ್ಕೆ, ಬಡ್ಡಿಗೆ ಹೋಗ್ಬಿಡುತ್ತೆ. ಬೇಡದ ಒಂದು ಸ್ಪ್ರೇ ಉಳೀತು ಅಂದ್ರೆ ಅದರ ಅಸಲೂ ಉಳೀತು ಬಡ್ಡೀನೂ ಉಳೀತು, ಹೊಡೆಯೋರ ಕೂಲಿ, ಮೈಕೈ ಉರಿ ತಲೆಸುತ್ತು ಅಂತ ಆಸ್ಪತ್ರೆಗೆ ಓಡೋದೂ ಉಳೀತು.

ಮಣ್ಣಿನ ಪಾಠ ಚಿಕ್ಕದು ಆದ್ರೆ ಮರೆಯೋಕಾಗಲ್ಲ. ಎರಡು ಗಾಜಿನ ಲೋಟದಲ್ಲಿ ನೀರು, ಒಂದಕ್ಕೆ ವರ್ಷವರ್ಷ ಉತ್ತು ಬರೀ ಯೂರಿಯಾ ಹಾಕಿದ ಜಮೀನಿನ ಒಣ ಹೆಂಟೆ, ಇನ್ನೊಂದಕ್ಕೆ ಬೇಲಿ ಪಕ್ಕ ಎಲೆ ಕೊಳೆತ ಜಾಗದ ಹೆಂಟೆ. ಮೊದಲನೇದು ನೋಡ್ತಾ ನೋಡ್ತಾ ಕರಗಿ ನೀರೆಲ್ಲ ಕೆಸರಾಯ್ತು, ಎರಡನೇದು ಹಾಗೇ ಗಟ್ಟಿಯಾಗಿ ಕೂತಿತ್ತು. ಮಳೆ ಬಂದಾಗ ಯಾವ ಜಮೀನಿನ ಮೇಲ್ಮಣ್ಣು ಕೊಚ್ಚಿಕೊಂಡು ಹೋಗುತ್ತೆ ಅಂತ ಯಾರೂ ಬಿಡಿಸಿ ಹೇಳ್ಬೇಕಾಗಿರಲಿಲ್ಲ.

ಈಗ ಆ ಕಟ್ ಮಾಡಿದ ಸ್ಟಾರ್. ಮೊದಲನೇದು ಸಮಯ. ವಾರಕ್ಕೆ ಅರ್ಧ ದಿನ ಪೂರ್ತಿ ಸೀಸನ್ ಕೊಡೋದು ಸ್ವಂತ ಜಮೀನು ಇರೋರಿಗೆ ಆಗ್ಬಹುದು, ದಿನಗೂಲಿ ಮೇಲೆ ನಿಂತಿರೋರಿಗೆ, ಕೈಯಲ್ಲಿ ಮಗು ಇರೋ ಹೆಣ್ಣುಮಕ್ಕಳಿಗೆ ಆ ಅರ್ಧ ದಿನ ಅಂದ್ರೆ ಒಂದು ಹೊತ್ತಿನ ಕೂಲಿ. ಎಲ್ಲರಿಗಿಂತ ಹೆಚ್ಚು ಬೇಕಾಗಿರೋರೇ ಹೀಗೆ ಹೊರಗೆ ಉಳೀತಾರೆ. ನಮ್ಮ ಜೊತೆ ಶುರು ಮಾಡಿದ ಕೆಲವರು ಕಳೆ ತೆಗೆಯೋ ಸಮಯಕ್ಕೆ ಕೂಲಿಗೆ ಹೋಗ್ಬೇಕಾಗಿ ಬಿಟ್ಟುಬಿಟ್ರು, ಅದು ನನಗೆ ಈಗಲೂ ಬೇಜಾರು. ನಡೆಸೋರು ಅವರಿಗೆ ಕೂಲಿಯಷ್ಟಾದ್ರೂ ಕೊಡ್ಬೇಕು ಅಥವಾ ಸಂಜೆ ಹೊತ್ತು ಇಡ್ಬೇಕು, ಮಗು ನೋಡ್ಕೊಳ್ಳೋಕೆ ಒಬ್ರನ್ನ ಕೂರಿಸ್ಬೇಕು.

ಎರಡನೇದು, ಕಲಿತಿದ್ದು ಅಕ್ಕಪಕ್ಕದೋರಿಗೆ ತಾನಾಗೇ ಹರಡುತ್ತೆ ಅನ್ನೋ ಲೆಕ್ಕಾಚಾರ. ಹರಡಲ್ಲ. ಇಂಡೋನೇಷ್ಯಾದ ಬಗ್ಗೆ 2004ರಲ್ಲಿ ಬಂದ ವಿಶ್ವಬ್ಯಾಂಕ್ ಸಂಶೋಧಕರ ಒಂದು ಅಧ್ಯಯನ, ಸೇರಿದೋರಲ್ಲೂ ಅವರ ಅಕ್ಕಪಕ್ಕದೋರಲ್ಲೂ ಇಳುವರಿ, ಕೀಟನಾಶಕ ಎರಡರಲ್ಲೂ ಹೇಳಿಕೊಳ್ಳೋ ಅಂಥ ಪರಿಣಾಮ ಕಾಣ್ಲಿಲ್ಲ ಅಂದಿತ್ತು, ಮೇಲೆ ಹೇಳಿದ 2014ರ ಪರಿಶೀಲನೆ ಕೂಡ ಪಾಠಶಾಲೆಗೆ ಸೇರದ ಪಕ್ಕದ ರೈತರಿಗೆ ಲಾಭ ಮುಟ್ಟಿದ್ದು ಕಾಣಲ್ಲ ಅಂತಲೇ ಹೇಳುತ್ತೆ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಜೇಡ ಹುಳ ತಿನ್ನೋದನ್ನ ನಾನು ಬಾಯಲ್ಲಿ ಹೇಳಿದ್ರೆ ಪಕ್ಕದ ಗದ್ದೆಯೋರು ಹೂಂ ಅಂತಾರೆ, ಎಲೆ ಮೇಲೆ ಚುಕ್ಕೆ ಕಂಡ ದಿನ ಅಂಗಡಿಯೋರ ಮಾತೇ ಗೆಲ್ಲೋದು. ನೋಡಿ ಕಲಿಯೋದನ್ನ ಹೇಳಿ ಕಲಿಸೋಕಾಗಲ್ಲ, ಹಾಗಾಗಿ ದುಡ್ಡು ಉಳಿಸೋಕೆ ಅಂತ ಮೂರು ತಿಂಗಳ ಕಲಿಕೆಯನ್ನ ಎರಡು ದಿನದ ಟ್ರೇನಿಂಗ್ ಮಾಡಿದ್ರೆ ಅದು ಹೆಸರಿಗೆ ಮಾತ್ರ ಪಾಠಶಾಲೆ.

ಅಂಥದ್ದೂ ಒಂದು ನೋಡಿದೀನಿ, ಹೆಸರು ಬೇಡ. ಬ್ಯಾನರ್ ಕಟ್ಟಿ ಫೋಟೋ ತೆಗೆದು ಗದ್ದೆಗೆ ಕಾಲೇ ಇಡದೆ ಒಂದು ಬಾಟಲಿ ಜೈವಿಕ ಔಷಧಿ ಮಾರಾಟಕ್ಕೆ ಇಟ್ಟು ಮುಗಿಸಿದ್ರು. ಬಾಟಲಿ ರಾಸಾಯನಿಕದ್ದಾದ್ರೂ ಸಾವಯವದ್ದಾದ್ರೂ ರೈತ ನೋಡದೇ ಕೊಳ್ಳೋದು ಮಾತ್ರ ಬದಲಾಗಲಿಲ್ಲ ಅಂದ್ರೆ ಏನು ಪ್ರಯೋಜನ.

ಮಾರುಕಟ್ಟೆ ಬಗ್ಗೆ ಏನೂ ಹೇಳಿಕೊಡಲಿಲ್ಲ ಅನ್ನೋದೂ ಒಂದು ಕೊರತೆ. ಖರ್ಚು ಕಮ್ಮಿ ಮಾಡೋದು ಗೊತ್ತಾಯ್ತು, ಒಳ್ಳೆ ರೇಟಿಗೆ ಒಟ್ಟಿಗೆ ಸೇರಿ ಮಾರೋದು ಹೇಗೆ ಅನ್ನೋದಕ್ಕೆ ಬೇರೆ ಕಡೆ ನೋಡ್ಬೇಕು.

ಸೇರೋ ಮುಂಚೆ ನಡೆಸೋರನ್ನ ಕೇಳ್ಬೇಕಾದ್ದು: ಪೂರ್ತಿ ಬೆಳೆ ಅವಧಿ ನಡೆಯುತ್ತಾ? ಎರಡು ತಾಕು ಇಟ್ಟು ಖರ್ಚು ಬರೀತೀರಾ? ಏನಾದ್ರೂ ಮಾರ್ತೀರಾ? ಕಲಿಸೋರು ಸ್ವತಃ ಆ ಬೆಳೆ ಬೆಳೆದಿದ್ದಾರಾ? ಮೂರನೇದಕ್ಕೆ ಹೌದು ಅಂದ್ರೆ ಎದ್ದು ಬನ್ನಿ. ಮತ್ತೆ ಆದಷ್ಟು ಮನೆಯಿಂದ ಇಬ್ಬರು ಹೆಸರು ಕೊಡಿ, ಗಂಡ ಹೆಂಡ್ತಿ ಅಥವಾ ಅಪ್ಪ ಮಗಳು, ಯಾಕಂದ್ರೆ ಒಬ್ಬರೇ ಕಲಿತು ಬಂದ್ರೆ ಮನೇಲಿ ಇನ್ನೊಬ್ಬರು ಭಯಕ್ಕೆ ಔಷಧಿ ತಂದು ಹೊಡೆದುಬಿಡ್ತಾರೆ. ಬಿತ್ತನೆ ಆದ್ಮೇಲೆ ಮಧ್ಯದಲ್ಲಿ ಸೇರೋದು ಬೇಡ, ಮೊದಲ ವಾರಗಳ ಎಣಿಕೆ ತಪ್ಪಿದ್ರೆ ಆಮೇಲಿನ ವಾದ ಒಂದೂ ಅರ್ಥ ಆಗಲ್ಲ, ಸಸಿಮಡಿ ಹಾಕೋ ಮುಂಚೆನೇ ಹೆಸರು ಬರೆಸಿ.